ಡಿಜಿಟಲ್ ಛಾಯಾಚಿತ್ರದಲ್ಲಿ ಮಸುಕು

ಮಸುಕು ಎಂದರೆ ಛಾಯಾಚಿತ್ರದ ವಿವರಗಳು ಸ್ಪಷ್ಟ ಅಂಚುಗಳಿಲ್ಲದೆ ಹರಡಿಕೊಂಡಂತೆ ಕಾಣುವ ದೋಷ. ಫೋಕಸ್ ತಪ್ಪುವುದು, ಕ್ಯಾಮೆರಾ ಅಲುಗುವುದು ಹಾಗೂ ವಸ್ತು ಚಲಿಸುವುದು ಇದರ ಮುಖ್ಯ ಕಾರಣಗಳು. ತಂತ್ರಾಂಶದಿಂದ ಅಂಚುಗಳನ್ನು ಸ್ವಲ್ಪ ತೀಕ್ಷ್ಣಗೊಳಿಸಬಹುದಾದರೂ ದಾಖಲಾಗದ ವಿವರವನ್ನು ಪೂರ್ಣವಾಗಿ ಮರಳಿ ಪಡೆಯಲಾಗದು. ಆದ್ದರಿಂದ ವರ್ಷಕ್ಕೊಮ್ಮೆ ನಡೆಯುವ ನಂಜನಗೂಡಿನ ದೊಡ್ಡ ಜಾತ್ರೆ, 1989ರಲ್ಲಿ ಆರಂಭವಾದ ಟಿ. ನರಸೀಪುರದ ಕುಂಭಮೇಳ ಮೊದಲಾದ ಸಂದರ್ಭಗಳಲ್ಲಿ ದೋಷವನ್ನು ಸ್ಥಳದಲ್ಲಿಯೇ ಗುರುತಿಸುವುದು ಅಗತ್ಯ.

ಗುರುತಿಸುವ ವಿಧಾನ

ಚಿತ್ರವನ್ನು ಕ್ಯಾಮೆರಾದ ಪರದೆಯ ಮೇಲೆ ಹಿಗ್ಗಿಸಿ ನೋಡಬೇಕು.

- ಮುಖ್ಯ ವಸ್ತು ಮಸುಕಾಗಿದ್ದು ಅದರ ಹಿಂದಿನ ಅಥವಾ ಮುಂದಿನ ಭಾಗ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ.
- ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ.
- ಗೋಪುರ ಸ್ಪಷ್ಟವಾಗಿದ್ದು ರಥ ಎಳೆಯುವವರು ಮಾತ್ರ ಮಸುಕಾಗಿದ್ದರೆ ಅದು ವಸ್ತುವಿನ ಚಲನೆ.
- ಚಿತ್ರವೆಲ್ಲ ಮಂಜು ಕವಿದಂತಿದ್ದರೆ ಮಸೂರದ ಮೇಲೆ ಬೆರಳಚ್ಚು, ಧೂಳು ಅಥವಾ ತೇವವಿರಬಹುದು.

ಫೋಕಸ್ ದೋಷ

ಸ್ವಯಂಚಾಲಿತ ಫೋಕಸ್ ವ್ಯವಸ್ಥೆಗೆ ಬೆಳಕು ಮತ್ತು ನೆರಳಿನ ವ್ಯತ್ಯಾಸ ಬೇಕು. ಕಾವೇರಿ ಹಾಗೂ ಕಪಿಲಾ ನದಿಗಳ ಸಂಗಮದಲ್ಲಿ ಮಂಜು ಕವಿದಾಗ ಅಥವಾ ನೀರು ನಿಶ್ಚಲವಾಗಿದ್ದಾಗ ಮಸೂರವು ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. ಆಗ ಅಷ್ಟೇ ದೂರದಲ್ಲಿರುವ ದೋಣಿಯ ಅಥವಾ ಮೆಟ್ಟಿಲಿನ ಅಂಚಿಗೆ ಫೋಕಸ್ ಮಾಡಿ, ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಚೌಕಟ್ಟನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಜನಸಂದಣಿಯಲ್ಲಿ ಕ್ಯಾಮೆರಾ ಹತ್ತಿರದ ತಲೆಯನ್ನೇ ಆರಿಸಿಕೊಳ್ಳುವುದುಂಟು. ಒಂದೇ ಫೋಕಸ್ ಬಿಂದುವನ್ನು ಆಯ್ದುಕೊಂಡರೆ ಇದು ತಪ್ಪುತ್ತದೆ. ಎದುರಿಗೆ ಬರುತ್ತಿರುವ ರಥಕ್ಕೆ ನಿರಂತರ ಫೋಕಸ್ ಸೂಕ್ತ.

ಅಲುಗಾಟ ಮತ್ತು ಚಲನೆ

ಕೈಯಲ್ಲಿ ಹಿಡಿದ ಕ್ಯಾಮೆರಾದ ಶಟರ್ ಅವಧಿಯು, 1 ಅನ್ನು ಮಸೂರದ ನಾಭಿದೂರದಿಂದ ಭಾಗಿಸಿದಾಗ ಬರುವ ಸೆಕೆಂಡುಗಳಿಗಿಂತ ಹೆಚ್ಚಿರಬಾರದೆಂಬುದು ರೂಢಿಯ ನಿಯಮ. 200 ಮಿ.ಮೀ. ಮಸೂರಕ್ಕೆ ಇದು 1/200 ಸೆಕೆಂಡ್. ಸಂವೇದಕ ಚಿಕ್ಕದಾಗಿದ್ದು ಅದರ ಗುಣಕ 1.5 ಆಗಿದ್ದರೆ 1/300 ಸೆಕೆಂಡ್ ಆಗುತ್ತದೆ. ಕ್ಯಾಮೆರಾದ ಸ್ಥಿರೀಕರಣ ಸೌಲಭ್ಯ ಕೈಯ ನಡುಕವನ್ನು ಸರಿದೂಗಿಸುತ್ತದೆಯೇ ಹೊರತು ಜನರ ಚಲನೆಯನ್ನಲ್ಲ. ಹಗ್ಗ ಹಿಡಿದು ಓಡುವವರನ್ನು ಸ್ಪಷ್ಟವಾಗಿ ಸೆರೆಹಿಡಿಯಲು 1/500 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಅವಧಿ ಬೇಕಾಗುತ್ತದೆ.

ಮಂದ ಬೆಳಕು

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದ ಒಳಛಾವಣಿಯ ಕೆತ್ತನೆಗಳು ಮಂದ ಬೆಳಕಿನಲ್ಲಿವೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪೂರ್ವಾನುಮತಿ ಬೇಕು. ಅದಿಲ್ಲದಾಗ ಕ್ಯಾಮೆರಾವನ್ನು ಮೇಲ್ಮುಖವಾಗಿ ನೆಲದ ಮೇಲಿಟ್ಟು 2 ಸೆಕೆಂಡಿನ ಟೈಮರ್ ಬಳಸಬಹುದು, ಅಥವಾ ಐಎಸ್‌ಒ ಹೆಚ್ಚಿಸಬಹುದು. ಐಎಸ್‌ಒ ಹೆಚ್ಚಿದಂತೆ ಚಿತ್ರದಲ್ಲಿ ಕಣಗಳು ಕಾಣಿಸಿಕೊಳ್ಳುತ್ತವೆ; ಆದರೂ ಅಲುಗಿ ಕೆಟ್ಟ ಚಿತ್ರಕ್ಕಿಂತ ಅದು ಉಪಯುಕ್ತ.

ಮಸೂರದ ತೇವ

ಹವಾನಿಯಂತ್ರಿತ ವಾಹನದಿಂದ ನದೀತೀರದ ತೇವದ ಗಾಳಿಗೆ ಒಮ್ಮೆಲೇ ತಂದ ತಣ್ಣನೆಯ ಮಸೂರದ ಮೇಲೆ ನೀರಾವಿ ಸಾಂದ್ರಗೊಳ್ಳುತ್ತದೆ. ಕ್ಯಾಮೆರಾ ಹೊರಗಿನ ಉಷ್ಣತೆಗೆ ಬರುವವರೆಗೆ ಅದನ್ನು ಮುಚ್ಚಿದ ಚೀಲದಲ್ಲಿಯೇ ಇಡುವುದು ಇದಕ್ಕೆ ಪರಿಹಾರ.