ಸೊಂಟದ ಕೀಲು ಬದಲಾದವರಿಗೂ ಕಣವಿದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ತೇರಿನಷ್ಟೇ ಜನ ಕುಸ್ತಿಗೂ ಸೇರುತ್ತಾರೆ. ಭಾರ ಎತ್ತುವ ಸ್ಪರ್ಧೆಗಳಿಗೂ ಅಷ್ಟೇ ಸಂಭ್ರಮ. ಸೈಕ್ಲಿಂಗ್‌ಗಂತೂ ವಿಜಯಪುರ ಜಿಲ್ಲೆ ಹೆಸರುವಾಸಿ. ಇವೆಲ್ಲದರ ಭಾರ ಬೀಳುವುದು ಸೊಂಟದ ಕೀಲಿನ ಮೇಲೆ. ಅದಕ್ಕೆ ಶಸ್ತ್ರಚಿಕಿತ್ಸೆಯಾಯಿತೆಂದರೆ, ‘ಟೊಂಕ ಹೋತು, ಇನ್ನ ಮನೀ ಹಿಡೀಬೇಕು’ ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ನಾಲ್ಕು ವರ್ಷಗಳ ಹಿಂದೆ ಕೃತಕ ಕೀಲು ಹಾಕಿಸಿಕೊಂಡಾಗ ನಾನೂ ಈ ಮಾತು ಕೇಳಿದೆ. ಇಂದು ನಿತ್ಯ ಸೈಕಲ್ ತುಳಿಯುತ್ತೇನೆ. ಕುಸ್ತಿಯನ್ನು ಮಾತ್ರ ಬಿಟ್ಟಿದ್ದೇನೆ.

ಬ್ರಿಟನ್ನಿನ ಟೆನಿಸ್ ಆಟಗಾರ ಆ್ಯಂಡಿ ಮರ್‍ರೆ 2019ರ ಜನವರಿಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ್ಯಂಟ್ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದು, 2024ರವರೆಗೂ ಆಡಿದರು. ಆದರೆ ಅವರಿಗೆ ಮಾಡಿದ್ದು ಪೂರ್ಣ ಕೀಲು ಬದಲಾವಣೆಯಲ್ಲ. ತೊಡೆಯೆಲುಬಿನ ತಲೆಯನ್ನು ಉಳಿಸಿಕೊಂಡು ಅದಕ್ಕೆ ಲೋಹದ ಟೊಪ್ಪಿಗೆ ತೊಡಿಸುವ ವಿಧಾನ. ಗಟ್ಟಿ ಮೂಳೆಯ ಕೆಲವರಿಗಷ್ಟೇ ಅದು ಹೊಂದುತ್ತದೆ. ಅತಿಯಾದ ಮದ್ಯಸೇವನೆಯಿಂದಲೋ ಸ್ಟೆರಾಯ್ಡ್ ಔಷಧಗಳಿಂದಲೋ ರಕ್ತಪೂರೈಕೆ ನಿಂತು ಮೂಳೆಯ ತಲೆಯೇ ಕುಸಿದಿದ್ದರೆ ಸಾಮಾನ್ಯವಾಗಿ ಪೂರ್ಣ ಬದಲಾವಣೆಯೇ ದಾರಿ.

ಹಾಗಾದವರಿಗೆ ನಡಿಗೆ, ಈಜು, ಸೈಕ್ಲಿಂಗ್ ಮುಕ್ತ. ಕೃತಕ ಕೀಲು ಜಾರುವ, ಬೇಗ ಸವೆಯುವ ಅಪಾಯವಿರುವುದರಿಂದ ಕುಸ್ತಿಯಂಥ ಆಟಗಳನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ವಿವೇಚನೆಯನ್ನು ಸೋಲೆಂದು ಭಾವಿಸಬೇಕಿಲ್ಲ.

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಸೊರಗಿದ ಸ್ನಾಯುಗಳು ಬಲಗೊಳ್ಳಲು ತಿಂಗಳುಗಳೇ ಬೇಕು. ಮೊದಲ ವಾರಗಳಲ್ಲಿ ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ. ನೆಲದಲ್ಲೇ ಉಂಡು ಮಲಗುವ ನಮ್ಮ ಮನೆಗಳಲ್ಲಿ ಇದೇ ದೊಡ್ಡ ಕಷ್ಟ. ಮುಂದೆ ಯಾವ ವ್ಯಾಯಾಮ, ಎಷ್ಟು, ಯಾವಾಗ ಎಂದು ತಿದ್ದುವವರು ಬೇಕು. ಅದಕ್ಕಾಗಿ ವಾಕರ್ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ಬಹುತೇಕರು ಎರಡನೆಯ ಸಲಕ್ಕೇ ನಿಲ್ಲಿಸುತ್ತಾರೆ. ಜಮೀನಿನ ಕೂಲಿಯವನಿಗೆ ಅಲ್ಲಿ ನಷ್ಟವಾಗುವುದು ಆಟವಷ್ಟೇ ಅಲ್ಲ, ಅನ್ನವೂ.

ಆದ್ದರಿಂದ ಈ ನಾಲ್ಕೂ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ಕೀಲು ಶಸ್ತ್ರಚಿಕಿತ್ಸೆಯಾದವರಿಗೆಂದೇ ಫಿಸಿಯೋಥೆರಪಿ ನಡೆಯಬೇಕು. ಗರಡಿಮನೆಯ ಉಸ್ತಾದರಿಗೂ ಅಲ್ಲಿ ತಿಳಿವಳಿಕೆ ಸಿಗಬೇಕು. ದೇಹವನ್ನು ಹುರಿಗೊಳಿಸುವ ವಿದ್ಯೆ ಬಲ್ಲವರು, ಸೋತ ಕಾಲನ್ನು ಮತ್ತೆ ನಿಲ್ಲಿಸುವುದನ್ನೂ ಕಲಿಯಬಲ್ಲರು.