ನಿಮಗಿದು ಗೊತ್ತೆ? 1.9ಕ್ಕಿಂತ 1.10 ದೊಡ್ಡದು!

ಗಣಿತದಲ್ಲಿ 1.10 ಎಂದರೆ 1.1, ಅಂದರೆ 1.9ಕ್ಕಿಂತ ಚಿಕ್ಕದು. ಆದರೆ ಸಾಫ್ಟ್‌ವೇರ್ ಆವೃತ್ತಿಗಳಲ್ಲಿ ಚುಕ್ಕಿ ದಶಮಾಂಶದ್ದಲ್ಲ. ಅದರ ಆಚೀಚೆ ಇರುವ ಸಂಖ್ಯೆಗಳನ್ನು ಬೇರೆಬೇರೆಯಾಗಿಯೇ ಹೋಲಿಸಬೇಕು. ಒಂಬತ್ತಾದ ಮೇಲೆ ಹತ್ತು.

ಗಿಟ್‌ಹಬ್ ಸಹಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ‘ಸೆಮ್ಯಾಂಟಿಕ್ ವರ್ಷನಿಂಗ್’ ಪ್ರಕಾರ ಮೊದಲ ಸಂಖ್ಯೆ ಏರಿದರೆ ಹಳೆಯ ಕೋಡ್ ಕೆಲಸ ನಿಲ್ಲಿಸಬಹುದು. ಎರಡನೆಯದು ಹೊಸ ಸೌಲಭ್ಯಕ್ಕೆ, ಮೂರನೆಯದು ದೋಷ ಸರಿಪಡಿಸಿದ್ದಕ್ಕೆ.

ಬೇರೆಯವರ ಪ್ಯಾಕೇಜ್‌ಗಳನ್ನು ತರುವ ಜಾವಾಸ್ಕ್ರಿಪ್ಟ್‌ನ ಸಾಧನ ಎನ್‌ಪಿಎಂನಲ್ಲಿ, ಬೇಕಾದ ಆವೃತ್ತಿಯನ್ನು ~1.2.3 ಎಂದು ಬರೆದರೆ 1.3.0ಕ್ಕಿಂತ ಕೆಳಗಿನವು ಮಾತ್ರ ಬರುತ್ತವೆ. ^1.2.3 ಎಂದರೆ 2.0.0ರವರೆಗೂ ಬಾಗಿಲು ತೆರೆದಿರುತ್ತದೆ. ಆದರೆ ^0.2.3 ಎಂದಾಗ ಅದೇ ಚಿಹ್ನೆ 0.3.0ರ ಬಳಿಯೇ ತಡೆಯುತ್ತದೆ! ಸೊನ್ನೆಯಿಂದ ಶುರುವಾಗುವ ಆವೃತ್ತಿ ಇನ್ನೂ ಹದಕ್ಕೆ ಬಂದಿಲ್ಲ, ಅದರಲ್ಲಿ ಏನು ಬೇಕಾದರೂ ಬದಲಾಗಬಹುದು ಎಂಬುದೇ ಕಾರಣ. ಬಹಳ ಜನ ಎಡವುವುದು ಇಲ್ಲೇ.

ಭಾಷೆ ಬದಲಾದರೆ ಅರ್ಥವೂ ಬದಲು. ಯಾವ ಚಿಹ್ನೆಯೂ ಇಲ್ಲದೆ 1.2.3 ಎಂದು ಬರೆದರೆ ಎನ್‌ಪಿಎಂ ಅದೊಂದನ್ನೇ ತರುತ್ತದೆ. ರಸ್ಟ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಕಾರ್ಗೋ 2.0.0ಕ್ಕಿಂತ ಕೆಳಗಿನ ಹೊಸದನ್ನೂ ಒಪ್ಪುತ್ತದೆ.

ವ್ಯಾಪ್ತಿ ಸಡಿಲವಾದಷ್ಟೂ ಅಪಾಯ ಹೆಚ್ಚು. 2022ರ ಜನವರಿಯಲ್ಲಿ ‘ಕಲರ್ಸ್’ ಪ್ಯಾಕೇಜ್‌ನ ಕರ್ತೃವೇ ಅದರೊಳಗೆ ಕೊನೆಯಿಲ್ಲದ ಲೂಪ್ ಸೇರಿಸಿ ಹೊಸ ಆವೃತ್ತಿ ಬಿಟ್ಟಾಗ, ಅದನ್ನು ತಾನಾಗಿಯೇ ಎಳೆದುಕೊಂಡ ಹಲವು ತಂತ್ರಾಂಶಗಳು ಕೆಟ್ಟು ನಿಂತವು. ಬಳಸುವ ಆವೃತ್ತಿಗಳನ್ನು ನಿಖರವಾಗಿ ದಾಖಲಿಸುವ ‘ಲಾಕ್ ಫೈಲ್’ ಅನ್ನು ಯೋಜನೆಯ ಜೊತೆಗೇ ಉಳಿಸಿ, ‘ಎನ್‌ಪಿಎಂ ಸಿಐ’ ಆಜ್ಞೆ ಬಳಸಿದರೆ ಅದರಲ್ಲಿರುವುದಷ್ಟೇ ಇನ್‌ಸ್ಟಾಲ್ ಆಗುತ್ತದೆ.