ಹಬ್ಬದ ಪ್ರೇಮಕಥೆ, ಪ್ರತಿಗೊಂದು ಪೌಂಡ್

ಡಿಸೆಂಬರ್ ಹತ್ತಿರ ಬಂದರೆ ಇಂಗ್ಲೆಂಡಿನ ಪುಸ್ತಕದಂಗಡಿಗಳ ಮುಂಭಾಗದ ಮೇಜು ಹಿಮ, ಕೆಂಪು ಮಫ್ಲರ್, ಕೈಕೈ ಹಿಡಿದ ಜೋಡಿಗಳ ಮುಖಪುಟಗಳಿಂದ ತುಂಬಿಹೋಗುತ್ತದೆ. ಅವುಗಳಲ್ಲಿ ಕೆಲವನ್ನು ಬರೆದವರು ಒಬ್ಬರಲ್ಲ, ಹದಿನೈದು ಇಪ್ಪತ್ತು ಮಂದಿ. ಬೆನ್ನುಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಈ ಪುಸ್ತಕದ ಹಣ ಇಂಥ ಆಸ್ಪತ್ರೆಗೆ, ಇಂಥ ಶಾಲೆಗೆ, ಇಂಥ ಕಾಯಿಲೆಯ ಸಂಶೋಧನೆಗೆ. ನಮ್ಮ ನಾಟಕ ಕಂಪನಿಗಳು ಸಹಾಯಾರ್ಥ ಪ್ರದರ್ಶನ ಆಡುತ್ತಿದ್ದಂತೆ ಇವು ಸಹಾಯಾರ್ಥ ಕಥಾಸಂಕಲನಗಳು. ವೇಲ್ಸ್‌ನಲ್ಲಿ 2003ರಲ್ಲಿ ಹುಟ್ಟಿದ ಆಕ್ಸೆಂಟ್ ಪ್ರೆಸ್ ಎಂಬ ಪುಟ್ಟ ಪ್ರಕಾಶನ ಕಣ್ಣುಬಿಟ್ಟದ್ದೇ ಇಂಥದೊಂದು ಪುಸ್ತಕದಿಂದ. ಅದರ ಹೆಸರು 'ಸೆಕ್ಸಿ ಶಾರ್ಟ್ಸ್ ಫಾರ್ ಕ್ರಿಸ್‌ಮಸ್'. ಹೆಸರಿನ ತುಂಟತನವನ್ನು ಬದಿಗಿಟ್ಟರೆ ಅದು ಸ್ತನ ಕ್ಯಾನ್ಸರ್ ಸಂಶೋಧನೆಗೆ ನೆರವಾಗಲೆಂದು ತಂದ ಸಣ್ಣಕಥೆಗಳ ಕಟ್ಟು.

ಹಬ್ಬದ ಪುಸ್ತಕ ಮಾರಿ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸುವುದು ಹೊಸ ಉಪಾಯವೇನಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಹೆಂಗಸರು ಕ್ರಿಸ್‌ಮಸ್ ಹೊತ್ತಿಗೆ ಒಂದು ಜಾತ್ರೆ ನಡೆಸುತ್ತಿದ್ದರು. ಅಲ್ಲಿ ಮಾರುವುದಕ್ಕಾಗಿಯೇ ಮರಿಯಾ ವೆಸ್ಟನ್ ಚಾಪ್‌ಮನ್ 1839ರಿಂದ 'ದಿ ಲಿಬರ್ಟಿ ಬೆಲ್' ಎಂಬ ಉಡುಗೊರೆ ಪುಸ್ತಕವನ್ನು ಸಂಪಾದಿಸಿದರು. ನಡುವೆ ಕೆಲವು ವರ್ಷ ತಪ್ಪಿದರೂ ಅದು 1858ರವರೆಗೆ ಬಂತು. ಬರೆದವರಿಗೆ ಸಂಭಾವನೆ ಇರಲಿಲ್ಲ, ಪುಸ್ತಕದ ಪ್ರತಿ ಸಿಗುತ್ತಿತ್ತು, ಅಷ್ಟೇ. ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ತಮ್ಮ ಗುಲಾಮಗಿರಿ ವಿರೋಧಿ ಕವನವನ್ನು ಕೊಟ್ಟದ್ದು ಇದೇ ಪುಸ್ತಕದ 1848ರ ಸಂಚಿಕೆಗೆ. ಲೇಖಕರು ಬರಹ ಕೊಡುವುದು, ಸಂಪಾದಕರು ಶ್ರಮ ಕೊಡುವುದು, ಓದುಗರು ದುಡ್ಡು ಕೊಡುವುದು, ಈ ಏರ್ಪಾಟು ಅಂದಿಗೂ ಇಂದಿಗೂ ಒಂದೇ. ಬದಲಾದದ್ದು ಒಳಗಿನ ಸರಕು.

ಆ ಸರಕು ಈಗ ಹೆಚ್ಚಾಗಿ ನಗೆಬೆರೆತ ಪ್ರೇಮಕಥೆ. ಕಾರಣ ಸರಳ. ಉಡುಗೊರೆ ಕೊಡುವವರಿಗೆ ಪುಸ್ತಕದ ಕೊನೆ ಹೇಗಿದ್ದೀತೋ ಎಂಬ ಅಳುಕು ಇರಬಾರದು. ಅತ್ತೆಗೆ ಕೊಟ್ಟರೂ ಸಹೋದ್ಯೋಗಿಗೆ ಕೊಟ್ಟರೂ ಮುಜುಗರವಾಗಬಾರದು. ಜೊತೆಗೆ ಹಬ್ಬ ಕಥೆಗಾರರಿಗೆ ಒಂದು ಗಡುವನ್ನೂ ಬಿಟ್ಟಿಯಾಗಿ ಒದಗಿಸುತ್ತದೆ. ಹಿಮ ಬಿದ್ದು ರಸ್ತೆ ಮುಚ್ಚಿದೆ, ಒಬ್ಬರ ಮುಖ ಒಬ್ಬರು ನೋಡಲಾಗದ ಇಬ್ಬರು ಒಂದೇ ಮನೆಯಲ್ಲಿ ಸಿಕ್ಕಿಬಿದ್ದಿದ್ದಾರೆ, 24ರ ರಾತ್ರಿಯೊಳಗೆ ಏನಾದರೂ ಆಗಲೇಬೇಕು. ನಾಲ್ಕೈದು ಸಾವಿರ ಪದಗಳಲ್ಲಿ ಕಥೆ ಮುಗಿಸಬೇಕಾದವರಿಗೆ ಇದಕ್ಕಿಂತ ಅನುಕೂಲವಾದ ಚೌಕಟ್ಟು ಸಿಗಲಾರದು. ಇದನ್ನು ಹಗುರ ಸಾಹಿತ್ಯವೆಂದು ಮೂಗು ಮುರಿಯುವವರು ಒಮ್ಮೆ ಬರೆದು ನೋಡಲಿ. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪುಗ್ರಹಿಕೆಯ ಮೇಲೆ ನಿಂತ ಕಥೆ ಎರಡನೇ ಪುಟಕ್ಕೇ ಕುಸಿಯುತ್ತದೆ. ನಗು ಬರಬೇಕಾದದ್ದು ಪಾತ್ರಗಳ ಹಟಮಾರಿತನದಿಂದ, ಕಾಕತಾಳೀಯದಿಂದಲ್ಲ.

ಸಂಪಾದಕರ ಪಾಡು ಬೇರೆ. ಬರೆಯುವವರನ್ನು ಅವರಷ್ಟಕ್ಕೆ ಬಿಟ್ಟರೆ ಇಪ್ಪತ್ತರಲ್ಲಿ ಹದಿನೈದು ಕಥೆಗಳು ಹಿಮಪಾತದಿಂದಲೇ ಶುರುವಾಗುತ್ತವೆ. ಅದಕ್ಕೇ ಮೊದಲೇ ಹಂಚಿಬಿಡುವುದು ಜಾಣತನ: ಒಬ್ಬರಿಗೆ ವಿಮಾನ ನಿಲ್ದಾಣ, ಒಬ್ಬರಿಗೆ ಬೇಕರಿ, ಇನ್ನೊಬ್ಬರಿಗೆ ಅರವತ್ತು ದಾಟಿದ ಜೋಡಿ. ಮುಖಪುಟದ ಮೇಲೆ ಇಬ್ಬರು ಮೂವರು ಹೆಸರಾಂತರು ಬೇಕು, ಪುಸ್ತಕವನ್ನು ಕೈಗೆತ್ತಿಕೊಳ್ಳುವಂತೆ ಮಾಡುವವರು ಅವರೇ. ಹೊಸಬರು ಅವರ ನೆರಳಲ್ಲಿ ಓದುಗರನ್ನು ಗಳಿಸುತ್ತಾರೆ. ಇದರಲ್ಲಿ ಸ್ವಾರ್ಥವಿಲ್ಲವೇ ಎಂದರೆ ಇದೆ, ಇರಲಿ. ದಾನದ ಪುಸ್ತಕವನ್ನು ಬರಿಯ ತ್ಯಾಗದ ಮೇಲೆ ನಡೆಸಲು ಹೋದರೆ ಎರಡನೇ ವರ್ಷಕ್ಕೆ ಯಾರೂ ಸಿಗುವುದಿಲ್ಲ.

ಇನ್ನು ದುಡ್ಡಿನ ಮಾತು. ಓದುಗರು ಗಮನಿಸಬೇಕಾದದ್ದು ಬೆನ್ನುಪುಟದ ಆ ಸಣ್ಣ ಅಕ್ಷರದ ಸಾಲನ್ನೇ. ಅದು ಮೂರು ಬಗೆಯಲ್ಲಿರಬಹುದು: 'ಲಾಭವೆಲ್ಲ ಸಂಸ್ಥೆಗೆ', 'ರಾಯಲ್ಟಿಯೆಲ್ಲ ಸಂಸ್ಥೆಗೆ', 'ಪ್ರತಿಯೊಂದಕ್ಕೆ ಇಷ್ಟು ಸಂಸ್ಥೆಗೆ'. ಕೇಳಲು ಒಂದೇ ಅನ್ನಿಸಿದರೂ ಇವುಗಳ ನಡುವೆ ಅಜಗಜಾಂತರ. ಲಾಭ ಎಂದರೆ ಅಚ್ಚು, ಸಾಗಣೆ, ಅಂಗಡಿಯ ರಿಯಾಯಿತಿ, ಪ್ರಚಾರ ಎಲ್ಲ ಕಳೆದ ಮೇಲೆ ಉಳಿದದ್ದು. ಏನೂ ಉಳಿಯದೆಯೂ ಹೋಗಬಹುದು. ರಾಯಲ್ಟಿ ಖಚಿತ, ಆದರೆ ಸಣ್ಣದು. 9.99 ಪೌಂಡಿನ ಪೇಪರ್‌ಬ್ಯಾಕಿಗೆ ಶೇ. 7.5ರ ರಾಯಲ್ಟಿ ಎಂದಿಟ್ಟುಕೊಳ್ಳಿ: ಪ್ರತಿಗೆ 75 ಪೆನ್ಸ್. ಅದನ್ನು ಇಪ್ಪತ್ತು ಲೇಖಕರಿಗೆ ಹಂಚಿದರೆ ತಲೆಗೆ ನಾಲ್ಕು ಪೆನ್ಸೂ ಇಲ್ಲ. ಹತ್ತು ಸಾವಿರ ಪ್ರತಿ ಹೋದರೂ ಒಬ್ಬೊಬ್ಬ ಲೇಖಕರು ಬಿಟ್ಟುಕೊಟ್ಟದ್ದು ಸುಮಾರು 375 ಪೌಂಡ್, ಸಂಸ್ಥೆಗೆ ಸೇರಿದ್ದು 7,500 ಪೌಂಡ್. ದೊಡ್ಡ ಲೇಖಕರೂ ಇಂಥ ಸಂಕಲನಕ್ಕೆ ಸುಲಭವಾಗಿ ಹೂಂ ಅನ್ನುವ ಗುಟ್ಟು ಈ ಲೆಕ್ಕದಲ್ಲೂ ಇದೆ.

ಮೂರನೆಯ ಬಗೆಯೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ನಿಕ್ ಹಾರ್ನ್‌ಬಿ ಸಂಪಾದಿಸಿದ 'ಸ್ಪೀಕಿಂಗ್ ವಿತ್ ದಿ ಏಂಜೆಲ್' (2000) ಹಬ್ಬದ ಪುಸ್ತಕವಲ್ಲ, ಬರೀ ಪ್ರೇಮಕಥೆಗಳೂ ಅದರಲ್ಲಿಲ್ಲ. ಬ್ರಿಜೆಟ್ ಜೋನ್ಸ್‌ಳನ್ನು ಸೃಷ್ಟಿಸಿದ ಹೆಲೆನ್ ಫೀಲ್ಡಿಂಗ್ ಅದಕ್ಕೆ ಬರೆದಿದ್ದರು. ಪ್ರತಿಯೊಂದಕ್ಕೆ ಒಂದು ಪೌಂಡ್, ಆಟಿಸಂ ಇರುವ ಮಕ್ಕಳಿಗಾಗಿ ಲಂಡನ್‌ನಲ್ಲಿ ನಡೆಯುತ್ತಿದ್ದ ಟ್ರೀಹೌಸ್ ಶಾಲೆಗೆ. ಕೊಳ್ಳುವವರಿಗೆ ಅನುಮಾನಕ್ಕೆ ಎಡೆಯೇ ಇಲ್ಲ. ಅದೇ ವರ್ಷ ಜೆಸ್ಸಿಕಾ ಆಡಮ್ಸ್, ಕ್ರಿಸ್ ಮ್ಯಾನ್‌ಬಿ, ಫಿಯೊನಾ ವಾಕರ್ ಸಂಪಾದಿಸಿದ 'ಗರ್ಲ್ಸ್ ನೈಟ್ ಇನ್' ಬಂತು. ಯುದ್ಧಪೀಡಿತ ಮಕ್ಕಳ ನಡುವೆ ಕೆಲಸ ಮಾಡುವ ವಾರ್ ಚೈಲ್ಡ್ ಸಂಸ್ಥೆಗೆ ನೆರವಾದ ಈ ಸಂಕಲನದ ಹಿಂದೆಯೇ ಅದರ ತಂಗಿಯರೂ ಬಂದರು.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹೀಗೆ ಲೆಕ್ಕ ಬಿಚ್ಚಿಹೇಳುವುದು ಬರೀ ಸಜ್ಜನಿಕೆಗೆ ಬಿಟ್ಟ ವಿಷಯವಲ್ಲ. ದಾನಸಂಸ್ಥೆಯ ಹೆಸರು ಹೇಳಿ ವಸ್ತು ಮಾರುವ ವ್ಯಾಪಾರಿ ಆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಎಷ್ಟು ಹಣ ಸಲ್ಲುತ್ತದೆಂದು ಗಿರಾಕಿಗೆ ತಿಳಿಸಬೇಕು ಎಂದು 1992ರ ಚಾರಿಟೀಸ್ ಕಾಯ್ದೆ ಹೇಳುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲೂ ಇಂಥ ಕಟ್ಟಳೆಗಳಿವೆ.

ಈಚೆಗೆ ಈ ಸಂಕಲನಗಳಲ್ಲಿ ಬಹುಪಾಲು ಇ-ಪುಸ್ತಕಗಳು, ಪ್ರಕಾಶಕರಿಲ್ಲದೆ ಲೇಖಕಿಯರೇ ಸೇರಿ ತರುವಂಥವು. ಇಲ್ಲಿ ಬೆಲೆ ಕಟ್ಟುವುದರಲ್ಲಿ ಒಂದು ಬಲೆ ಇದೆ. ಕಿಂಡಲ್‌ನಲ್ಲಿ ಪುಸ್ತಕದ ಬೆಲೆ 2.99ರಿಂದ 9.99 ಡಾಲರಿನೊಳಗಿದ್ದರೆ ಶೇ. 70 ಲೇಖಕರ ಪಾಲು. ಅದಕ್ಕಿಂತ ಕಡಿಮೆಯಾದರೆ ಶೇ. 35 ಮಾತ್ರ. 99 ಸೆಂಟಿಗೆ ಮಾರಿದರೆ ಕೈಗೆ ಸಿಗುವುದು ಸುಮಾರು 35 ಸೆಂಟ್, 2.99ಕ್ಕೆ ಮಾರಿದರೆ ಎರಡು ಡಾಲರಿನ ಆಸುಪಾಸು. ಅಗ್ಗದ ಬೆಲೆಗೆ ಆರು ಪಟ್ಟು ಹೆಚ್ಚು ಪ್ರತಿ ಹೋದರಷ್ಟೇ ಲೆಕ್ಕ ಸಮ. ಹಣವೆಲ್ಲ ಖಾತೆ ತೆರೆದ ಒಬ್ಬರ ಬ್ಯಾಂಕಿಗೇ, ಅದೂ ತಿಂಗಳು ಕಳೆದು ಸುಮಾರು ಅರವತ್ತು ದಿನಕ್ಕೆ, ಬರುತ್ತದೆ. ಡಿಸೆಂಬರಿನ ಮಾರಾಟದ ದುಡ್ಡು ಫೆಬ್ರುವರಿ ಕೊನೆಗೆ. ತೆರಿಗೆಯವರ ಕಣ್ಣಿಗೆ ಅದು ಆ ಒಬ್ಬರ ಆದಾಯ. ಯಾರ ಖಾತೆ, ಲೆಕ್ಕ ಯಾವಾಗ ತೋರಿಸುವುದು, ತೆರಿಗೆ ಯಾರು ತುಂಬುವುದು ಎಂಬುದನ್ನು ಕಥೆ ಕೇಳುವ ಮೊದಲೇ ಬರೆದಿಡದ ಗುಂಪುಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ಮನಸ್ತಾಪ ಶುರುವಾದರೆ ಆಶ್ಚರ್ಯವಿಲ್ಲ.

ಇಂಥ ಇ-ಪುಸ್ತಕಗಳು ಅಕ್ಟೋಬರಿನಲ್ಲಿ ಹೊರಟು ಹಬ್ಬ ಮುಗಿದು ಒಂದೆರಡು ತಿಂಗಳಿಗೆ ಮಾಯವಾಗುವುದುಂಟು. ಅದು ಸೋಲಲ್ಲ, ಲೆಕ್ಕಾಚಾರ. ಅವಧಿ ಮುಗಿದೊಡನೆ ಕಥೆಯ ಹಕ್ಕು ಲೇಖಕಿಗೆ ಮರಳುತ್ತದೆ. ಆಕೆ ಅದನ್ನು ಬೆಳೆಸಿ ಕಾದಂಬರಿ ಮಾಡಬಹುದು, ಬಿಡಿಯಾಗಿ ಮಾರಬಹುದು. ಸಿಗುವುದು ಇಷ್ಟೇ ದಿನ ಎಂದರೆ ಕೊಳ್ಳುವವರೂ ಬೇಗ ಕೊಳ್ಳುತ್ತಾರೆ.

ದೀಪಾವಳಿ ವಿಶೇಷಾಂಕಗಳನ್ನು ಓದಿ ಬೆಳೆದ ನಮ್ಮಲ್ಲಿ ಯಾರಾದರೂ ಇದನ್ನು ಕನ್ನಡದಲ್ಲಿ ಮಾಡಹೊರಟರೆ ಕಾನೂನಿನ ಒಂದೆರಡು ಗಂಟುಗಳಿವೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅರ್ಥ. ಹಾಗಾಗಿ 'ಆರು ತಿಂಗಳು' ಎಂದು ಕಾಗದದ ಮೇಲೆ ಇರಲಿ. ಪುಸ್ತಕ ಕೊಂಡವರು ತೆರಿಗೆ ವಿನಾಯಿತಿಯ ರಸೀದಿ ಕೇಳಿದರೆ ಕೊಡಲಾಗದು, ಏಕೆಂದರೆ ಅವರು ಬೆಲೆ ತೆತ್ತು ವಸ್ತು ಕೊಂಡಿದ್ದಾರೆ, ದಾನ ಕೊಟ್ಟಿಲ್ಲ. ಐಎಸ್‌ಬಿಎನ್ ಸಂಖ್ಯೆ ಮಾತ್ರ ಇಲ್ಲಿ ಸರ್ಕಾರದಿಂದ ಉಚಿತ.

ಹೊರದೇಶದ ಕನ್ನಡಿಗರಿಗೆ ಇನ್ನೊಂದು ಗಂಟು. ಅಮೆರಿಕದ ಪೌರತ್ವ ಪಡೆದವರು ಪುಸ್ತಕ ಮಾರಿದ ಹಣವನ್ನು ಊರಿನ ಶಾಲೆ ನಡೆಸುವ ಟ್ರಸ್ಟಿಗೆ ನೇರ ಕಳಿಸಿದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಕೇಂದ್ರದ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೆ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಅನಿವಾಸಿಗಳು ಬ್ಯಾಂಕಿನ ಮೂಲಕ ಕೊಡುವ ಸ್ವಂತ ಉಳಿತಾಯದ ಹಣಕ್ಕೆ ಈ ನಿರ್ಬಂಧವಿಲ್ಲ. ಆದ್ದರಿಂದ ಇಪ್ಪತ್ತು ಲೇಖಕರಿಗೆ ಪತ್ರ ಬರೆಯುವ ಮೊದಲು ಟ್ರಸ್ಟಿಗೆ ಒಂದು ಪತ್ರ ಬರೆದು ಅದರ ಎಫ್‌ಸಿಆರ್‌ಎ ಸಂಖ್ಯೆ ತರಿಸಿಕೊಳ್ಳಿ.